ಅಂಗೈಗೆ ಎರಡು ಹನಿ

ಇಪ್ಪತ್ತೆರಡು ವರ್ಷ ಕೋಳಿ ಸಾರು ಮಾಡಿದೆ. ಒಂದು ಹನಿಯನ್ನೂ ಬಾಯಿಗೆ ಹಾಕಿಕೊಂಡವಳಲ್ಲ. ಹೇಳಿದರೆ ಜನ ನಗುತ್ತಾರೆ. ನಾನು ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದವಳು, ಮೆಚ್ಚಿ ಮದುವೆಯಾಗಿ ಅಲ್ಲಾಳಸಂದ್ರದ ಈ ಮನೆಗೆ ಬಂದೆ. ಅತ್ತೆ ಬದುಕಿದ್ದಾಗ ಒಲೆಯ ಪಕ್ಕ ನಿಲ್ಲಿಸಿಕೊಂಡು ಎಲ್ಲವನ್ನೂ ಕಲಿಸಿದರು. ತಿನ್ನು ಎಂದು ಮಾತ್ರ ಯಾವತ್ತೂ ಒತ್ತಾಯ ಮಾಡಲಿಲ್ಲ.

ಅವರೆಕಾಯಿ ಕಾಲ ಬಂದರೆ ನಮ್ಮಲ್ಲಿ ಒಂದೇ ಅಡುಗೆ. ನಾಟಿ ಕೋಳಿ, ಹಿದುಕಿದ ಅವರೆಕಾಳು, ಕೊನೆಗೆ ಎರಡು ಹಿಡಿ ಸಬ್ಬಸಿಗೆ ಸೊಪ್ಪು. ರುಬ್ಬಿದ ಮಸಾಲೆಯಲ್ಲಿ ನನ್ನ ಪಾಲನ್ನು ಮೊದಲೇ ಚಿಕ್ಕ ಪಾತ್ರೆಗೆ ತೆಗೆದು, ಅದಕ್ಕೆ ಬರೀ ಕಾಳು, ಸೊಪ್ಪು ಹಾಕಿಕೊಳ್ಳುತ್ತಿದ್ದೆ. ಚಿಕ್ಕ ಪಾತ್ರೆಯ ರುಚಿ ನೋಡುವುದು ನಾನು, ದೊಡ್ಡದರದ್ದು ನನ್ನ ಗಂಡ. ಕುದಿ ಬರುವ ಹೊತ್ತಿಗೆ ಎಲ್ಲಿದ್ದರೂ ಬಂದು ಅಂಗೈ ಚಾಚುತ್ತಿದ್ದರು. ಸೌಟಿನಿಂದ ಎರಡು ಹನಿ. ನೆಕ್ಕಿ, ಕಣ್ಣು ಮುಚ್ಚಿ, ದೊಡ್ಡ ತೀರ್ಪು ಕೊಡುವವರಂತೆ ನಿಲ್ಲುತ್ತಿದ್ದರು.

"ಉಪ್ಪು ಒಂಚೂರು ಸಾಲ್ದು ಕಣೆ. ಖಾರ ಸರಿಯಾಗೈತೆ." ಆಮೇಲೆ ತಪ್ಪದೆ ಇನ್ನೊಂದು: "ನೀನೂ ಒಂದ್ಸಲ ನೋಡೇ, ಏನೂ ಆಗಲ್ಲ."

"ನಿಮ್ಮ ನಾಲಿಗೆ ಇರೋವಾಗ ನನ್ನದ್ಯಾಕೆ?" ಎಂದು ರೇಗಿಸುತ್ತಿದ್ದೆ. ಆ ಮಾತು ಈಗ ನನ್ನನ್ನು ತಿನ್ನುತ್ತಿದೆ.

ಹೋದ ವರ್ಷ ಅವರೆಕಾಯಿ ಕಾಲದಲ್ಲೇ ಅವರು ಹೋದರು. ಎದೆ ನೋವು ಎಂದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊನ್ನೆ ವರ್ಷದ ಎಡೆ. ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನು ಬಡಿಸಬೇಕು, ಅಂದರೆ ಈ ಸಾರನ್ನೇ. ಅಡುಗೆಯವರಿಗೆ ಹೇಳೋಣ ಎಂದರು ಯಾರೋ. ನಾನು ಬಿಡಲಿಲ್ಲ. ಅವರು ತಿನ್ನುತ್ತಿದ್ದ ಸಾರು, ಅದೇ ರುಚಿಯಲ್ಲಿ, ಇನ್ನೊಂದೇ ಸಲ ಅವರ ಎಲೆಗೆ ಬೀಳಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಯಲಹಂಕದ ಮಾರ್ಕೆಟ್ಟಿನಿಂದ ಸೊಗಡಿನ ಅವರೆಕಾಯಿ ತಂದು, ಕಾಳು ನೆನೆಸಿ, ಬೆಳಿಗ್ಗೆ ಕೂತು ಒಂದೊಂದೇ ಹಿದುಕಿದೆ. ಹುಂಜ ಬೇಯಲು ಎರಡು ಗಂಟೆ ಹಿಡಿಯಿತು. ಕಾಳು ಹಾಕಿದೆ, ಸೊಪ್ಪು ಹಾಕಿದೆ, ಕುದಿ ಬಂತು. ಅಭ್ಯಾಸಬಲದಿಂದ ಸೌಟು ಎತ್ತಿಕೊಂಡು ತಿರುಗಿದೆ. ಯಾರೂ ಇರಲಿಲ್ಲ. ಸಾರು ನೆಲಕ್ಕೆ ತೊಟ್ಟಿಕ್ಕಿತು.

"ಅಕ್ಕಾ, ಒಂದು ಹನಿ ನೋಡಿ ಹೇಳಿ" ಎಂದು ಅವರ ಅಕ್ಕನನ್ನು ಕರೆದೆ.

"ಎಡೆ ಇಡೋಗಂಟ ಯಾರೂ ಬಾಯ್ಗೆ ಆಕ್ಕಂಬಾರ್ದು ಕಣಮ್ಮ. ಮೊದ್ಲು ಅವನು ತಿನ್ಬೇಕು."

ನನಗೆ ಸಿಟ್ಟೇ ಬಂತು. ಮೊದಲು ತಿನ್ನಬೇಕಾದವರನ್ನೇ ಅಲ್ಲವೇ ನಾನು ಹುಡುಕುತ್ತಿರುವುದು? ಕಣ್ಣಂದಾಜಿನಲ್ಲಿ ಇನ್ನಷ್ಟು ಉಪ್ಪು ಹಾಕಿ ಮುಚ್ಚಳ ಮುಚ್ಚಿದೆ.

ಎಡೆಯಾದ ಮೇಲೆ ಎಲ್ಲರಿಗೂ ಎಲೆ ಹಾಕಿ ಬಡಿಸಿದೆ. ನಾಚಿಕೆ ಬಿಟ್ಟು ಒಬ್ಬೊಬ್ಬರನ್ನೂ "ಹೇಗಿದೆ?" ಎಂದು ಕೇಳಿದೆ. "ಚೆನ್ನಾಗೈತೆ" ಎಂದರು ಎಲ್ಲರೂ, ತಲೆ ಎತ್ತದೆ. ಗಂಡನ ಎಡೆಯ ದಿನ ಹೆಂಡತಿಗೆ ಉಪ್ಪು ಸಾಲದು ಎನ್ನುವ ಧೈರ್ಯ ಯಾರಿಗಿದೆ? ಅವರಿದ್ದಿದ್ದರೆ ಹೇಳುತ್ತಿದ್ದರು.

ಸಂಜೆ ನೆಂಟರೆಲ್ಲ ಹೋದರು. ಪಾತ್ರೆಯ ತಳದಲ್ಲಿ ಸ್ವಲ್ಪ ಸಾರು ಉಳಿದಿತ್ತು. ನನ್ನ ಅಂಗೈಗೆ ನಾನೇ ಎರಡು ಹನಿ ಹಾಕಿಕೊಂಡು ನೆಕ್ಕಿದೆ. ಏನೂ ಆಗಲಿಲ್ಲ, ಅವರು ಹೇಳುತ್ತಿದ್ದದ್ದು ನಿಜ. ಉಪ್ಪಿತ್ತು, ಖಾರವಿತ್ತು, ಸಬ್ಬಸಿಗೆಯ ಘಮವಿತ್ತು. ಆದರೆ ಇದು ಅವರ ಸಾರೇ? ಗೊತ್ತಾಗಲಿಲ್ಲ. ಇನ್ನೆರಡು ಹನಿ ಹಾಕಿಕೊಂಡೆ. ಮತ್ತೆ ಎರಡು. ಪಾತ್ರೆ ಬರಿದಾಗುವವರೆಗೂ ನೆಕ್ಕಿದೆ, ಗೊತ್ತಾಗಲೇ ಇಲ್ಲ. ಅವರು ಇದ್ದಾಗ ನಾನೂ ಒಂದೇ ಒಂದು ಸಲ ತಿಂದಿದ್ದರೆ ಸಾಕಿತ್ತು.