ಒಂದು ಬೆಳೆಗೆ ಇಬ್ಬರು

ಶಾಲೆಯ ಕೆಲಸ ಬಿಟ್ಟ ಮೇಲೆ ಕೆಂಚಾರ್ಲಹಳ್ಳಿಯ ರೇಷ್ಮೆ ಬೆಳೆಗಾರರ ಸಂಘದವರು ನನ್ನನ್ನು ಕರೆಸಿದ್ದು ಅಕ್ಷರದ ತಪ್ಪು ತಿದ್ದುವುದಕ್ಕೆ. ಅದಕ್ಕಿಂತ ಹೆಚ್ಚಿನ ಬುದ್ಧಿಯನ್ನು ಅವರು ನನ್ನಿಂದ ಬಯಸಿರಲಿಲ್ಲ. ಸಂಘದ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಲು ಚಿಕ್ಕಬಳ್ಳಾಪುರದಿಂದ ಬಂದಿದ್ದ ಎಂಜಿನಿಯರು ಗೋಡೆಗೆ ಒಂದು ನಕ್ಷೆ ಅಂಟಿಸಿದ್ದ. 'ಬೆಳೆಗಾರ' ಎಂಬ ಚೌಕ, 'ಬೆಳೆ' ಎಂಬ ಚೌಕ, ನಡುವೆ ಒಂದು ಗೆರೆ. ಬೆಳೆಯ ಕಡೆಗೆ ಗೆರೆ ಮೂರು ಕವಲಾಗಿತ್ತು: ಒಬ್ಬ ಬೆಳೆಗಾರನಿಗೆ ಅನೇಕ ಬೆಳೆ. ಬೆಳೆಗಾರನ ಕಡೆಗೆ ಒಂದೇ ಅಡ್ಡಗೀಟು: ಒಂದು ಬೆಳೆಗೆ ಒಬ್ಬನೇ ಬೆಳೆಗಾರ. ನಾಲ್ಕು ಬಣ್ಣ ಬಳಿದಿದ್ದ. ಹುಳುಮನೆಯೊಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕಾಲಿಟ್ಟೇ ಬೆಳೆದ ಪದಾಧಿಕಾರಿಗಳು ಬಣ್ಣ ನೋಡಿ ತಲೆದೂಗಿದರು.

ಬೆಳೆ ಎಂದರೆ ನಮ್ಮ ಕಡೆ ಒಂದು ಸಲಕ್ಕೆ ಸಾಕುವ ಹುಳು. ಅದಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆ ತೋಟ ಒಬ್ಬರದಾದರೆ ಹುಳು ಸಾಕುವವರು ಇನ್ನೊಬ್ಬರು. ಗೂಡು ಇಬ್ಬರಿಗೂ ಪಾಲು. ಹಳೆಯ ರಿಜಿಸ್ಟರಿನಲ್ಲಿ ಒಂದೇ ಸಾಲಿನಲ್ಲಿ ಎರಡು ಹೆಸರು ಇರುತ್ತಿದ್ದವು. ಮುಂದಿನ ವಾರ ಮರಿ ಹುಳು ಹಂಚುವುದು ಕಂಪ್ಯೂಟರಿನ ಪಟ್ಟಿಯಂತೆ. ತೋಟದವನ ಹೆಸರೊಂದೇ ಇದ್ದರೆ, ಅವನು ಆ ಹುಳುವನ್ನು ಯಾರ ಕೈಗೆ ಕೊಟ್ಟರೂ ಕೇಳುವಂತಿಲ್ಲ. ಪಾಲಿಗೆ ಸಾಕುತ್ತಿದ್ದ ಹೆಂಗಸೊಬ್ಬಳು ಅದನ್ನು ತಿಳಿದೇ ಬಂದಿದ್ದಳು.

"ಇದ್ರಲ್ಲಿ ನಾನೆಲ್ಲಿದೀನಪ್ಪ?"

"ತೋಟ ನಿಮ್ದಲ್ವಲ್ಲಮ್ಮ," ಎಂದ ಎಂಜಿನಿಯರು. "ಸಿಸ್ಟಮ್ ಒಂದೇ ಹೆಸ್ರು ತಗಳ್ಳೋದು."

"ತೋಟ ಅಣ್ಣಂದು, ಹುಳ ನಂದು. ಹೊತ್ತೊತ್ತಿಗೆ ಸೊಪ್ಪು ಹಾಕೋರ್ಯಾರು, ನಿನ್ ಸಿಸ್ಟಮ್ಮಾ?"

ಅವನು ನನ್ನ ಕಡೆ ತಿರುಗಿದ. "ರಿಮಾರ್ಕ್ಸ್ ಕಾಲಮ್ಮಲ್ಲಿ ಹಾಕ್ಬಿಡಣ ಬಿಡಿ ಸಾರ್."

ರಿಮಾರ್ಕ್ಸ್! ಯೋಚಿಸಲು ಸೋಮಾರಿಯಾದವರು ಮನುಷ್ಯರನ್ನು ತುರುಕಿಡುವ ಅಟ್ಟ ಅದು. ಅಲ್ಲಿಗೆ ಸೇರಿದವರನ್ನು ಯಾವ ಪಟ್ಟಿಯೂ ಕೆಳಗಿಳಿಸುವುದಿಲ್ಲ. ಪೆನ್ಸಿಲು ತೆಗೆದುಕೊಂಡು ಎರಡು ಚೌಕಗಳ ನಡುವೆ ಮೂರನೆಯದನ್ನು ಬರೆದೆ: 'ಪಾಲು'. ಒಂದು ಪಾಲಿಗೆ ಒಬ್ಬ ಬೆಳೆಗಾರ, ಒಂದು ಬೆಳೆ, ಸೊಪ್ಪೋ ಸಾಕಣೆಯೋ ಎಂಬ ಒಂದು ವಿವರ. ಒಂದು ಬೆಳೆಗೆ ಪಾಲು ಎಷ್ಟಾದರೂ ಇರಲಿ. ಏಳನೆಯ ತರಗತಿಗೆ ಒಂದು ಪೀರಿಯಡ್ಡಿನಲ್ಲಿ ಕಲಿಸಬಹುದಾದ ಈ ಸಂಗತಿ ಪದವೀಧರನ ತಲೆಗೆ ಇಳಿಯಲು ಮೂರು ಲೋಟ ಕಾಫಿ ಹಿಡಿಯಿತು.

"ಇದು ಮೆನಿ ಟು ಮೆನಿ ಸಾರ್, ಎರಡ್ ಕಡೇನೂ ಅನೇಕ," ಎಂದ ಕೊನೆಗೆ, ತಾನೇ ಕಂಡುಹಿಡಿದವನಂತೆ.

ಹಂಚುವ ದಿನ ಪಟ್ಟಿಯಲ್ಲಿ ಅವಳ ಬೆಳೆಗೆ ಎರಡು ಹೆಸರಿದ್ದವು. ತೋಟದ ಯಜಮಾನ ಅದನ್ನು ಎರಡು ಸಲ ಓದಿದ.

"ನಾನಿರ್ಲಿಲ್ವೇನಮ್ಮ? ನಿನ್ ಹೆಸ್ರೂ ಬೇಕಾಯ್ತಾ?"

"ಬೇಕಾಯ್ತಣ್ಣ," ಎಂದು ಅವಳು ತನ್ನ ಸಾಲಿನ ಮುಂದೆ ನಿಧಾನವಾಗಿ ಸಹಿ ಹಾಕಿ, ಹುಳುವಿನ ಟ್ರೇ ಎತ್ತಿಕೊಂಡಳು.