ಎತ್ತರದ ಬೈಕಿಗೆ ತಗ್ಗಿದ ಸೀಟು

ಪೀಣ್ಯದ ಒಂದು ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ನಾನು ಬೈಕುಗಳ ಸೀಟು ಹೊಲಿಯುತ್ತಿದ್ದೇನೆ. ಯಾದಗಿರಿ ಕಡೆಯವಳು. ರಾಜಗೋಪಾಲನಗರದ ಬಾಡಿಗೆ ಕೋಣೆಯಿಂದ ಬೆಳಗ್ಗೆ ನಡೆದು ಬಂದು ಸಂಜೆ ನಡೆದು ಹೋಗುವ ನನಗೆ ಬೈಕು ಅಂದರೆ ಫೋಮು, ರೆಕ್ಸಿನ್ನು, ದಾರ, ಅಷ್ಟೇ.

ಕಳೆದ ವರ್ಷ ಬೈಕ್ ಕಂಪನಿಯವರು ನಮ್ಮ ಸೀಟು ಕೂರಿಸಿದ ಹೊಸ ಗಾಡಿಯೊಂದನ್ನು ಶೆಡ್ಡಿನ ಅಂಗಳಕ್ಕೆ ತಂದು ನಿಲ್ಲಿಸಿದರು. ಡಾಂಬರಿನ ಮೇಲೂ ಕಲ್ಲುಮಣ್ಣಿನ ದಾರಿಯಲ್ಲೂ ಓಡುವ ಅಡ್ವೆಂಚರ್ ಬೈಕು. ಅದರ ಸೀಟು ನನ್ನ ಸೊಂಟ ಮುಟ್ಟುತ್ತಿತ್ತು. ಜೊತೆಗೆ ಇಂಗ್ಲೆಂಡಿನ ಒಬ್ಬ ಹೆಂಗಸು ಬಂದಿದ್ದರು. ಅರವತ್ತು ದಾಟಿರಬೇಕು, ನನ್ನಷ್ಟೇ ಕುಳ್ಳಗಿದ್ದರು. ಅವರ ಊರಿನಲ್ಲಿ ಬೈಕಿನ ಅಂಗಡಿ ಇದೆಯಂತೆ. ಅಲ್ಲಿ ಇಂಥ ಬೈಕುಗಳು ದುಬಾರಿ, ಭಾರವೂ ಹೆಚ್ಚು. ವಯಸ್ಸಾದವರಿಗೂ ಹೊಸಬರಿಗೂ ಕೈಗೆಟುಕುವ ಈ ನಮ್ಮ ದೇಶದ ಬೈಕನ್ನು ತರಿಸಬಹುದೇ ಎಂದು ನೋಡಲು ಬಂದಿದ್ದಾರೆ ಎಂದು ನಮ್ಮ ಓನರ್ ಹೇಳಿದರು.

ಆಕೆ ಬೈಕು ಹತ್ತಿದರು. ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗಿತು. ಇಳಿದು, ಬೈಕನ್ನು ಬಲಕ್ಕೆ ವಾಲಿಸಿ ಮೆಲ್ಲಗೆ ನೆಲದ ಮೇಲೆ ಮಲಗಿಸಿಬಿಟ್ಟರು. ಎತ್ತಲೆಂದು ಇಬ್ಬರು ಗಂಡಸರು ಓಡಿದರು. ಆಕೆ ಕೈ ಅಡ್ಡ ಹಿಡಿದು ಏನೋ ಹೇಳಿದರು.

“ಬೆಟ್ಟದ್ ದಾರೀಲಿ ಬಿದ್ರೆ ಎತ್ತೋಕೆ ನೀವು ಬರ್ತೀರಾ ಅಂತ ಕೇಳ್ತಿದಾರೆ,” ಎಂದರು ಓನರ್.

ಆಕೆ ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿದರು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಕಾಲು ಒತ್ತುತ್ತಾ ಹಿಂದಕ್ಕೆ ಸಣ್ಣ ಹೆಜ್ಜೆ ಇಟ್ಟರು. ಬೈಕು ಎದ್ದು ನಿಂತಿತು. ಮತ್ತೆ ಅದನ್ನು ಮಲಗಿಸಿ, ಸುತ್ತ ನೋಡಿ, ನನ್ನತ್ತ ಬೆರಳು ತೋರಿಸಿದರು.

“ನಂಗ ಬೈಕ್ ಹತ್ತಾಕೂ ಬರಂಗಿಲ್ರೀ ಸಾರ್,” ಎಂದೆ.

“ಹತ್ತೋದು ಬೇಡ್ವಂತೆ ಕಣಮ್ಮ. ಎತ್ತಿದ್ರೆ ಸಾಕಂತೆ.”

ಮೊದಲ ಸಲ ಅದು ಅಲ್ಲಾಡಲೇ ಇಲ್ಲ. ಎಲ್ಲರೂ ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು. ಆಕೆ ಬಗ್ಗಿ ನನ್ನ ತೊಡೆ ತಟ್ಟಿ, ತೋಳಿನ ಕಡೆ ತೋರಿಸಿ ಬೇಡವೆಂದು ತಲೆಯಾಡಿಸಿದರು. ಶಕ್ತಿ ಕಾಲಿನಿಂದ ಬರಬೇಕು ಎಂದು ತಿಳಿಯಿತು. ಎರಡನೇ ಸಲ ಬೈಕು ಮೇಲೆದ್ದಿತು. ಅದು ಆ ಕಡೆಗೆ ಉರುಳದಂತೆ ಆಕೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

“ತೂಕ ಪರ್ವಾಗಿಲ್ಲ, ಸೀಟೇ ಪ್ರಾಬ್ಲಂ ಅಂತಾರೆ,” ಎಂದರು ಓನರ್. ಕಂಪನಿಯವರು, ಬೇರೆ ಸೀಟು ಬೇಕೆಂದರೆ ಡಿಸೈನ್ ಆಫೀಸಿಗೆ ಬರೆಯಬೇಕು, ತಿಂಗಳುಗಳೇ ಹಿಡಿಯುತ್ತವೆ ಎಂದರು. ಆಕೆಯ ಮುಖ ಸಪ್ಪಗಾಯಿತು. ನನಗೆ ಸುಮ್ಮನಿರಲಾಗಲಿಲ್ಲ.

“ಫೋಮ್ ಕೊಯ್ದ್ರ ತಗ್ಗತೈತ್ರಿ ಸಾರ್. ಬರೇ ಮ್ಯಾಲಷ್ಟ ಅಲ್ಲ, ಮುಂದ ಎರಡೂ ಬಾಜೂನೂ ಸಣ್ಣ ಮಾಡ್ಬೇಕು. ತೊಡಿ ಅಗಲ ಆದ್ರ ಕಾಲು ನೆಲಕ್ಕ ಮುಟ್ಟಂಗಿಲ್ಲ.”

ಓನರ್ ನನ್ನನ್ನೇ ನೋಡಿದರು. ಅವತ್ತು ಸಂಜೆಯೊಳಗೆ ಹೋಗಬೇಕಾದ ಸೀಟುಗಳ ಲೋಡು ಬಾಕಿಯಿತ್ತು. “ಅದು ನಾಳೆ ಹೋಗ್ಲಿ,” ಎಂದರು. “ನೀನು ಇದನ್ನ ಮಾಡಮ್ಮ.”

ನಾನು ಫೋಮು ಕೊಯ್ಯುವಾಗ ಆಕೆ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ. ಫೋಮಿನ ಮೇಲೆ ಹೆಬ್ಬೆರಳು ಒತ್ತಿ ತೋರಿಸುವುದರಲ್ಲೇ ಮಾತು ಮುಗಿಯುತ್ತಿತ್ತು. ಮೊದಲು ಕೊಯ್ದದ್ದು ಹೆಚ್ಚಾಗಿ, ಕೂತರೆ ತಳದ ಪ್ಲಾಸ್ಟಿಕ್ ಒತ್ತುತ್ತಿತ್ತು. ಹೊಸ ಫೋಮು ತೆಗೆದುಕೊಂಡು, ಕೆಳಗೆ ಗಟ್ಟಿಯದೊಂದು ಪದರ ಅಂಟಿಸಿ ಮತ್ತೆ ಕೊಯ್ದೆ. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ.

ಈ ಸಲ ಅವರು ಹತ್ತಿದಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ಊರಿತು. ಬೈಕನ್ನು ಅತ್ತ ಇತ್ತ ತೂಗಿ ನೋಡಿದರು. ಆಮೇಲೆ ಇಳಿದು ನನ್ನನ್ನು ಕೂರಿಸಿದರು. ಅಷ್ಟು ವರ್ಷ ಸೀಟು ಹೊಲಿದಿದ್ದರೂ ನಾನು ಬೈಕಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹ್ಯಾಂಡಲ್ ಹಿಡಿದು, ಆಕೆ ಮಾಡಿದಂತೆ ನಾನೂ ಬೈಕನ್ನು ತೂಗಿ ನೋಡಿದೆ.

ತಗ್ಗಿದ ಸೀಟು ಕೊಡುವುದಾದರೆ ಬೈಕು ತರಿಸುತ್ತೇನೆ ಎಂದು ಹೇಳಿ ಆಕೆ ಹೊರಟರು. ಹೋಗುವಾಗ ಅಂಟು ಮೆತ್ತಿದ್ದ ನನ್ನ ಎರಡೂ ಕೈ ಹಿಡಿದು ಥ್ಯಾಂಕ್ಯೂ ಎಂದರು. ಹೇಳಬೇಕಾದವಳು ನಾನಾಗಿದ್ದೆ. ಕೆಲವು ತಿಂಗಳ ಮೇಲೆ ಕಂಪನಿಯವರು ಆ ಅಳತೆಗೆ ಒಪ್ಪಿದರು. “ಇದು ನಮ್ಮ ಶೆಡ್ಡಿನ ಈಯಮ್ಮ ಮಾಡಿದ್ದು,” ಎಂದು ಓನರ್ ಅವರೆದುರು ಹೇಳಿದರು. ಇನ್ನೊಬ್ಬರಾದರೆ ತಮ್ಮದೇ ಎನ್ನುತ್ತಿದ್ದರೇನೋ. ಈಗ ಆ ಸೀಟಿನ ಕೆಲಸ ನನ್ನ ಕೈಕೆಳಗೆ ನಡೆಯುತ್ತದೆ, ಜೊತೆಗೆ ಇಬ್ಬರು ಹೆಂಗಸರಿದ್ದಾರೆ.

ಮೊನ್ನೆ ಇಂಗ್ಲೆಂಡಿನ ಆಕೆಯಿಂದ ಓನರ್ ಮೊಬೈಲಿಗೆ ಒಂದು ದೂರು ಬಂತು. ಅವರ ಅಂಗಡಿಯಲ್ಲಿ ಆ ಬೈಕು ಕೊಂಡ ನಿವೃತ್ತ ಟೀಚರೊಬ್ಬರಿಗೆ ಮೂರು ಗಂಟೆ ಓಡಿಸಿದ ಮೇಲೆ ಸೀಟು ಗಟ್ಟಿ ಅನ್ನಿಸುತ್ತದಂತೆ. ಇಷ್ಟು ವರ್ಷ ಹೊಲಿದರೂ ಸವಾರರು ಹೇಳಿದ ಮಾತು ನನ್ನವರೆಗೆ ಬಂದಿರಲಿಲ್ಲ. ಓನರ್ ಕೈಲಿ ಎರಡೆರಡು ಸಲ ಓದಿಸಿ ಕೇಳಿದೆ. ಮೇಲಿನ ಪದರಕ್ಕೆ ಸ್ವಲ್ಪ ಮೆತ್ತನೆಯ ಫೋಮು ಹಾಕಿ ನೋಡುತ್ತಿದ್ದೇವೆ.