ತಮ್ಮ ಮಾಡಿಕೊಟ್ಟ ವೈರಿಂಗು

ಒಣಗಲು ಹಾಕಿದ ಸೀರೆಯೂ ಕರೆಂಟು ಹೊಡೆಯುತ್ತದೆ ಎಂಬುದು ನನಗೆ ತಿಳಿದದ್ದು ಸಕಲೇಶಪುರದ ಮೊದಲ ಮಳೆಗಾಲದಲ್ಲಿ. ನಮ್ಮ ಮನೆಯಲ್ಲೇ ಬಾಡಿಗೆಗೆ ಕೊಟ್ಟಿದ್ದ ಪಕ್ಕದ ಭಾಗದಿಂದ ಶಾರದಾ ಕಿರುಚಿದಳು. ಓಡಿಹೋದರೆ, ತುಂಬು ಬಸುರಿ ನೆಲದಲ್ಲಿ ಕುಸಿದು ಕೂತಿದ್ದಾಳೆ. ತಲೆಯ ಮೇಲೆ ಕಬ್ಬಿಣದ ತಂತಿಯಲ್ಲಿ ಒದ್ದೆ ಸೀರೆ ತೂಗುತ್ತಿದೆ.

"ಮುಟ್ಟಬ್ಯಾಡಿ ಅಕ್ಕಾ, ತಂತೀಲಿ ಕರೆಂಟ್ ಐತೆ!"

ಮೇನ್ ಸ್ವಿಚ್ ಆರಿಸಿ ಬಂದು ಅವಳ ಪಕ್ಕ ಕೂತೆ. ಹೊಟ್ಟೆಯ ಮೇಲೆ ಕೈಯಿಟ್ಟು ಇಬ್ಬರೂ ಕಾದೆವು. ಕೂಸು ಮಿಸುಕಿದ ಮೇಲೆ ಅವಳು ಸುಧಾರಿಸಿಕೊಂಡಳು, ನನಗೆ ಅಳು ಬಂತು.

ನಾವು ಗದಗ ಕಡೆಯವರು. ನಮ್ಮ ಯಜಮಾನರು ಇಲ್ಲಿ ಬಟ್ಟೆ ಅಂಗಡಿ ಇಟ್ಟರು. ಅದು ಕೈಹಿಡಿಯುವತನಕ ಬಾಡಿಗೆಯಾದರೂ ಬರಲೆಂದು ಎರಡು ಭಾಗದ ಹಳೇ ಮನೆಯೊಂದನ್ನು ಕೊಂಡೆವು. ಬಾಡಿಗೆ ಮನೆ ಅಂದರೆ ಕೂತಲ್ಲಿಗೇ ಕಾಸು ಬರುತ್ತದೆ ಅಂದುಕೊಂಡಿದ್ದೆ. ಶಿವನೇ! ಒಮ್ಮೆ ಹಂಚು, ಒಮ್ಮೆ ನಲ್ಲಿ, ಒಮ್ಮೆ ಉಬ್ಬಿಕೊಂಡ ಬಾಗಿಲು. ಬಂದದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ವೈರಿಂಗಿನ ಚಿಂತೆಯೊಂದು ಮಾತ್ರ ಇರಲಿಲ್ಲ. ಬೇಸಿಗೆಯಲ್ಲಿ ತಮ್ಮ ಬಸವರಾಜ ಊರಿಂದ ಬಂದು, ಒಂದು ಪೈಸೆ ಮುಟ್ಟದೆ, ಗೋಡೆ ಕೊರೆದು ಪೈಪು ಹುಗಿದು ಎರಡೂ ಭಾಗಕ್ಕೆ ಮಾಡಿಕೊಟ್ಟಿದ್ದ. ಒಂದು ವೈರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಬಂದವರಿಗೆಲ್ಲ ತೋರಿಸಿ ಮೆರೆದಿದ್ದೆ.

ಇಲ್ಲಿನ ಮಳೆಗಾಲವನ್ನು ಅವನು ಕಂಡವನಲ್ಲ. ನಮ್ಮೂರಲ್ಲಿ ಅಂಗಳದಲ್ಲಿ ಬಟ್ಟೆ ಹರವಿದರೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಗರಿಗರಿ. ಇಲ್ಲಿ ಜಡಿ ಹಿಡಿಯಿತೆಂದರೆ, ಅಂದರೆ ಹಗಲೂ ರಾತ್ರಿ ಬಿಡದೆ ಮಳೆ ಹೊಯ್ಯತೊಡಗಿತೆಂದರೆ, ಬಟ್ಟೆ ಒಣಗುವುದು ಒಲೆಯ ಮೇಲೆ ಅಡ್ಡ ಕಟ್ಟಿದ ತಂತಿಯಲ್ಲಿ. ಮಳೆ ಹಿಡಿಯುವ ಮುಂಚೆ ಮನೆಮನೆಯಲ್ಲೂ ಅದಕ್ಕಾಗಿ ಮೊಳೆ ಹೊಡೆಯುತ್ತಾರೆ. ಶಾರದಾಳ ಗಂಡ ರುದ್ರೇಶ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅವನೂ ಹೊಡೆದಿದ್ದ. ಮೊಳೆ ತಮ್ಮನ ಪೈಪಿಗೇ ಇಳಿದು ಒಳಗಿನ ವೈರಿಗೆ ತಾಗಿತ್ತು.

"ಒಳಗೆ ವೈರ್ ಐತೆ ಅಂತ ಗೊತ್ತು ಅಕ್ಕಾ, ಎಲ್ಲೈತೆ ಅಂತ ಯಾರಿಗೆ ಗೊತ್ತು? ಈ ಕಡೆ ಮರದ ಪಟ್ಟಿ ಮೇಲೆ ಎಳೀತಾರೆ, ಕಣ್ಣಿಗೆ ಕಾಣ್ತೈತೆ," ಅಂದ ರುದ್ರೇಶ. "ಬೇಜಾರು ಮಾಡ್ಕಬ್ಯಾಡಿ, ಮನೆ ಖಾಲಿ ಮಾಡ್ಬುಡ್ತೀವಿ."

ಬಾಡಿಗೆಗೆ ಇನ್ನೊಬ್ಬರು ಸಿಕ್ಕಾರು. ಆದರೆ ಈ ಊರಲ್ಲಿ ನನ್ನ ಗದಗಿನ ಮಾತಿಗೆ ಮುಸಿಮುಸಿ ನಗದೆ ಕಿವಿಗೊಟ್ಟವಳು ಶಾರದಾ ಒಬ್ಬಳೇ. ಅವಳು ಹೋದರೆ ನಾನು ಗೋಡೆಯ ಜೊತೆ ಮಾತಾಡಬೇಕಿತ್ತು. ಹೋಗಬೇಡಿ, ಎಲ್ಲ ಕಿತ್ತು ಪಟ್ಟಿಯ ಮೇಲೆ ಹೊಸದಾಗಿ ಎಳೆಸುತ್ತೇನೆ ಅಂದೆ. ಕೈಯಲ್ಲಿದ್ದದ್ದು ನಾಗರ ಪಂಚಮಿಗೆ ತವರಿಗೆ ಹೋಗಲು ಕೂಡಿಟ್ಟ ದುಡ್ಡು ಮಾತ್ರ. ಅದನ್ನೇ ತೆಗೆದುಕೊಟ್ಟೆ.

ಕೆಲಸ ಅರ್ಧ ಆಗಿದ್ದಾಗ ತಮ್ಮ ಬಂದ, ನನ್ನನ್ನು ಪಂಚಮಿಗೆ ಕರೆದೊಯ್ಯಲು. ಕೊಡೆ ತಂದಿರಲಿಲ್ಲ, ತೊಯ್ದು ತೊಪ್ಪೆಯಾಗಿದ್ದ. ಮೂಲೆಯಲ್ಲಿ ರಾಶಿ ಬಿದ್ದ ಪೈಪು ನೋಡಿ ಬಾಗಿಲಲ್ಲೇ ನಿಂತ.

"ಅಕ್ಕಾ, ನಾ ಮಾಡಿದ್ದು ಕಿತ್ತ ಒಗದ್ಯಾ?"

ನಡೆದದ್ದನ್ನೆಲ್ಲ ಹೇಳಿದೆ. ಅವನು ಗೋಡೆಗೆ ಅಂಗೈ ಒತ್ತಿ, ತೆಗೆದು ನೋಡಿದ. ನೀರು.

"ಗ್ವಾಡಿನೂ ಹಿಂಗ ತೊಯ್ತೈತೇನ ಯವ್ವಾ!"

ಅಂಗಿ ಹಿಂಡಿಕೊಂಡು, ಪಟ್ಟಿ ಬಡಿಯುತ್ತಿದ್ದ ಇಲ್ಲಿನ ಮೇಸ್ತ್ರಿಯ ಹತ್ತಿರ ಸುತ್ತಿಗೆ ಕೇಳಿದ.

"ಕೂತ್ಕಳಿ ಮಾರಾಯ್ರೇ, ಈಗಿನ್ನೂ ಬಂದಿದೀರಿ," ಅಂದ ಮೇಸ್ತ್ರಿ. ತಮ್ಮ ಕೇಳಲಿಲ್ಲ. ಇಬ್ಬರೂ ಸೇರಿ ಮುಗಿಸಿದರು.

ದಿನ ತುಂಬುತ್ತಿದ್ದ ಶಾರದಾಳನ್ನು ಬಿಟ್ಟು ನಾನು ಹೊರಡಲಿಲ್ಲ. ತಮ್ಮ ಒಬ್ಬನೇ ವಾಪಸು ಹೋದ. ಅವ್ವ ಕಳಿಸಿದ್ದ ಪಂಚಮಿ ಉಂಡಿಗಳಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯಿತು. ಶಾರದಾಗೆ ಹೆಣ್ಣುಮಗು ಹುಟ್ಟಿತು. ಅವರು ಮನೆ ಬಿಡಲಿಲ್ಲ.

ಮರುವರ್ಷ ಪಂಚಮಿಗೆ ಊರಿಗೆ ಹೋದೆ. ಅಡುಗೆಮನೆಯಲ್ಲಿ ಕತ್ತಲಿತ್ತು. ಸ್ವಿಚ್ಚಿನತನಕ ಹೋದವಳು ಹೊರಗೆ ಬಿಟ್ಟಿದ್ದ ಚಪ್ಪಲಿ ತರಲು ತಿರುಗಿದೆ. ಸಕಲೇಶಪುರದಲ್ಲಿ ರಬ್ಬರ್ ಚಪ್ಪಲಿ ಮೆಟ್ಟದೆ ನಾನು ಸ್ವಿಚ್ ಮುಟ್ಟುವುದಿಲ್ಲ.

"ಅಡಿಗಿಮನ್ಯಾಗ ಚಪ್ಪಲಿ ಮೆಟ್ಟತೀಯೇನ?" ಅವ್ವ ಗದರಿದಳು. ಎಲ್ಲರೂ ನಕ್ಕರು, ತಮ್ಮ ನಗಲಿಲ್ಲ.

"ಅಕ್ಕಾ, ಇದು ನಮ್ಮ ಮನಿ. ಗ್ವಾಡಿ ಒಣಗೇತಿ, ಮುಟ್ಟು."

ನನಗೂ ಗೊತ್ತಿತ್ತು. ಆದರೂ ಕೈ ಮುಂದಾಗಲಿಲ್ಲ. ಕೊನೆಗೆ ಅವನೇ ಬಂದು ದೀಪ ಹಾಕಿದ.